ಪರದೆಯ ಹಿಂದೆ ಕುಳಿತವರ ಅಧಿಕಾರ: 2024ರ ‘ಡಂಜನ್ ಮಾಸ್ಟರ್ಸ್ ಗೈಡ್’ ಓದಿದ ಮೇಲೆ

ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸುತ್ತ ಕಥೆ ಕಟ್ಟುವ ಆಟದಲ್ಲಿ ಒಬ್ಬರಿಗೆ ಮಾತ್ರ ತಮ್ಮದೆನ್ನುವ ಪಾತ್ರವಿರುವುದಿಲ್ಲ. ಉಳಿದುದೆಲ್ಲವೂ ಅವರದೇ ಆಗಿರುತ್ತದೆ. ಊರು, ಕಾಡು, ಮಳೆ, ಚೌಕಾಸಿಗೆ ಒಪ್ಪದ ಅಂಗಡಿಯವನು, ಗುಹೆಯೊಳಗಿನ ರಾಕ್ಷಸ, ಆ ರಾಕ್ಷಸ ಬಚ್ಚಿಟ್ಟ ಚಿನ್ನ, ಮುಚ್ಚಿದ ಬಾಗಿಲ ಆಚೆ ಏನಿದೆ ಎಂಬ ಗುಟ್ಟು, ಇವೆಲ್ಲವನ್ನೂ ನಿರ್ಧರಿಸುವ ಈ ವ್ಯಕ್ತಿಯನ್ನು ಸಾಮಾನ್ಯವಾಗಿ ಗೇಮ್ ಮಾಸ್ಟರ್ ಎಂದೂ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ಡಂಜನ್ ಮಾಸ್ಟರ್ ಎಂದೂ, ಆಡುವವರ ಬಾಯಲ್ಲಿ ಚಿಕ್ಕದಾಗಿ ಡಿಎಂ ಎಂದೂ ಕರೆಯುತ್ತಾರೆ. ಆಟಗಾರರಿಗೆ ಕಾಣದಂತೆ ತಮ್ಮ ಟಿಪ್ಪಣಿಗಳನ್ನೂ ದಾಳಗಳನ್ನೂ ಇಟ್ಟುಕೊಳ್ಳಲು ಡಿಎಂಗಳು ಮುಂದೆ ನಿಲ್ಲಿಸಿಕೊಳ್ಳುವ ಮಡಿಚುವ ರಟ್ಟಿಗೆ ಪರದೆ ಎಂದೇ ಹೆಸರು.

‘ಡಂಜನ್ ಮಾಸ್ಟರ್ಸ್ ಗೈಡ್’ ಈ ಒಬ್ಬರಿಗಾಗಿಯೇ ಬರೆದ ಪುಸ್ತಕ. ಅದರ ಹೊಸ ಆವೃತ್ತಿಯನ್ನು ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ 2024ರ ನವೆಂಬರ್ 12ರಂದು ಹೊರತಂದಿತು. ಗಟ್ಟಿ ರಟ್ಟಿನ ಹೊದಿಕೆ, 384 ಪುಟ, ಎಂಟು ಅಧ್ಯಾಯ, ಮುದ್ರಿತ ಬೆಲೆ 49.99 ಡಾಲರ್, ರೂಪಾಯಿಯ ಲೆಕ್ಕದಲ್ಲಿ 4000 ದಾಟುತ್ತದೆ. ಇದಕ್ಕೆ ಮುಂಚಿನ 2014ರ ಆವೃತ್ತಿ 320 ಪುಟಗಳದ್ದು. ಆರು ವರ್ಷ ನಾನು ಅದನ್ನೇ ಪಕ್ಕದಲ್ಲಿಟ್ಟುಕೊಂಡು ಆಟ ನಡೆಸಿದ್ದೇನೆ. ಹೊಸ ಪುಸ್ತಕದ ಚಿತ್ರಗಳ ಅಂದವನ್ನೂ ಮಾಯಾವಸ್ತುಗಳ ಪಟ್ಟಿಯನ್ನೂ ವಿವರಿಸಲು ಬೇರೆಯವರಿದ್ದಾರೆ. ನಾನು ಒಂದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದೆ: ಡಿಎಂಗೆ ಈ ಪುಸ್ತಕ ಎಷ್ಟು ಅಧಿಕಾರ ಕೊಡುತ್ತದೆ, ಮತ್ತು ಆ ಅಧಿಕಾರಕ್ಕೆ ಎಲ್ಲಿ ಗೆರೆ ಎಳೆಯುತ್ತದೆ?

ಈ ಅಧಿಕಾರ ಹುಟ್ಟಿದ್ದು ಮನರಂಜನೆಯಲ್ಲಲ್ಲ, ಸೈನ್ಯದ ತರಬೇತಿಯಲ್ಲಿ. 1824ರಲ್ಲಿ ಪ್ರಷ್ಯಾದ ಅಧಿಕಾರಿ ರೈಸ್‌ವಿಟ್ಸ್ ಪ್ರಕಟಿಸಿದ ಕ್ರೀಗ್‌ಶ್ಪೀಲ್ ಎಂಬ ಯುದ್ಧಾಭ್ಯಾಸದ ಆಟದಲ್ಲಿ ಎರಡು ಪಕ್ಷಗಳ ನಡುವೆ ಒಬ್ಬ ತೀರ್ಪುಗಾರನಿರುತ್ತಿದ್ದ. ಎದುರಾಳಿಯ ದಂಡು ಯಾವ ಗುಡ್ಡದ ಮರೆಯಲ್ಲಿದೆ ಎಂಬುದು ನಿಜವಾದ ಯುದ್ಧದಲ್ಲಿ ಹೇಗೆ ತಿಳಿಯುವುದಿಲ್ಲವೋ ಹಾಗೆಯೇ ಆಟದಲ್ಲಿಯೂ ತಿಳಿಯಬಾರದೆಂದಿದ್ದರೆ, ಎರಡೂ ಕಡೆಯ ಗುಟ್ಟು ತಿಳಿದ ಮೂರನೆಯವನೊಬ್ಬ ಬೇಕೇ ಬೇಕು. ಮುಂದೆ ನಿಯಮಗಳೂ ಕೋಷ್ಟಕಗಳೂ ಆಟವನ್ನು ಜಗ್ಗತೊಡಗಿದಾಗ, 1876ರಲ್ಲಿ ವೆರ್ಡಿ ದು ವೆರ್ನ್ವಾ ಎಂಬ ಇನ್ನೊಬ್ಬ ಪ್ರಷ್ಯನ್ ಅಧಿಕಾರಿ ಅವನ್ನೆಲ್ಲ ಬದಿಗಿಟ್ಟು ತೀರ್ಪುಗಾರನ ಅನುಭವವನ್ನೇ ನೆಚ್ಚಿಕೊಳ್ಳುವ ಪದ್ಧತಿಯನ್ನು ಮುಂದಿಟ್ಟ. ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ 1969ರಲ್ಲಿ ಬ್ರೌನ್‌ಸ್ಟೈನ್ ಎಂಬ ಆಟವನ್ನು ನಡೆಸಿದಾಗ, ಆಟಗಾರರಿಬ್ಬರು ದ್ವಂದ್ವಯುದ್ಧಕ್ಕೆ ನಿಂತೇಬಿಟ್ಟರು. ಅದಕ್ಕೆ ನಿಯಮವೇ ಇರಲಿಲ್ಲ, ಆತ ನಿಂತ ನಿಲುವಿನಲ್ಲೇ ತೀರ್ಪು ಕೊಡಬೇಕಾಯಿತು. ಅದೇ ಬಳಗದ ಡೇವ್ ಆರ್ನೆಸನ್ ಈ ಬಗೆಯ ಆಟವನ್ನು ಕತ್ತಲ ಸುರಂಗಗಳಿಗೂ ರಾಕ್ಷಸರಿಗೂ ಒಯ್ದ. ಆತನೂ ಗ್ಯಾರಿ ಗೈಗ್ಯಾಕ್ಸ್ ಎಂಬಾತನೂ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದರು. ಗುಟ್ಟನ್ನು ಕಾಯಲು ಒಬ್ಬರು ಬೇಕು, ನಿಯಮ ಊಹಿಸದೆ ಹೋದದ್ದಕ್ಕೆ ಉತ್ತರ ಹೇಳಲು ಒಬ್ಬರು ಬೇಕು; ಡಿಎಂ ಕುರ್ಚಿ ಹುಟ್ಟಿದ್ದು ಈ ಎರಡು ಅಗತ್ಯಗಳಿಂದ. ದೊಡ್ಡಸ್ತಿಕೆ ಆಮೇಲೆ ಬಂದು ಸೇರಿಕೊಂಡದ್ದು.

ಎಷ್ಟರಮಟ್ಟಿಗೆ ಬಂದು ಸೇರಿಕೊಂಡಿತೆಂದರೆ, 1979ರ ಮೊದಲ ‘ಡಂಜನ್ ಮಾಸ್ಟರ್ಸ್ ಗೈಡ್’ನ ಮುನ್ನುಡಿಯಲ್ಲಿ ಗೈಗ್ಯಾಕ್ಸ್, ಡಿಎಂ ಅಲ್ಲದ ಆಟಗಾರನ ಬಳಿ ಈ ಪುಸ್ತಕ ಕಂಡರೆ ಅವನು ಗೌರವದ ಸಾವಿಗೂ ಅರ್ಹನಲ್ಲ ಎಂಬ ಧಾಟಿಯಲ್ಲಿ, ಅರ್ಧ ತಮಾಷೆಗೂ ಅರ್ಧ ನಿಜಕ್ಕೂ, ಬರೆದುಬಿಟ್ಟರು. ವೇದ ಕೇಳಿದವನ ಕಿವಿಗೆ ಕಾದ ಸೀಸ ಎನ್ನುವ ಮಾತನ್ನು ಕೇಳಿ ಬೆಳೆದ ನಮಗೆ ಆ ಧಾಟಿ ಅಪರಿಚಿತವೇನಲ್ಲ. ಮೂವತ್ತೈದು ವರ್ಷಗಳ ಬಳಿಕ ಬಂದ 2014ರ ಆವೃತ್ತಿ ದನಿಯನ್ನು ತಗ್ಗಿಸಿತಾದರೂ ಮಾತನ್ನು ಬದಲಿಸಲಿಲ್ಲ: ಆಟದ ಯಜಮಾನಿಕೆ ನಿಯಮಗಳದಲ್ಲ, ಡಿಎಂದು ಎಂದು ಅದರ ಪೀಠಿಕೆ ನೇರವಾಗಿ ಹೇಳುತ್ತದೆ. ಪರದೆಯ ಹಿಂದೆ ದಾಳ ಉರುಳಿಸಿದರೆ ಬಿದ್ದ ಸಂಖ್ಯೆಯನ್ನು ಬೇಕಾದಾಗ ತಿದ್ದಿಕೊಳ್ಳಬಹುದು, ಆದರೆ ಪದೇ ಪದೇ ಹಾಗೆ ಮಾಡಬೇಡಿ, ಮಾಡುವುದು ಗೊತ್ತಾಗದಿರಲಿ ಎಂಬ ಸಲಹೆಯೂ ಅಲ್ಲಿದೆ. ಆ ಸಲಹೆಯನ್ನು ನಾನು ವರ್ಷಗಟ್ಟಲೆ ಪಾಲಿಸಿದವನು. ಅದರ ಬಗ್ಗೆ ಮುಂದೆ ಹೇಳುತ್ತೇನೆ.

2024ರ ಪುಸ್ತಕ ಇನ್ನೊಂದು ಸ್ವಭಾವದ್ದು. ಮೊದಲ ಅಧ್ಯಾಯದಲ್ಲಿ ಡಿಎಂ ಯಾರು ಎಂದು ವಿವರಿಸುವಾಗ ಅದು ಒಂದು ಪದವಿಯ ಬದಲು ಹಲವು ಕೆಲಸಗಳನ್ನು ಹೇಳುತ್ತದೆ: ಡಿಎಂ ನಟ, ನಿರ್ದೇಶಕ, ಆಶುಕವಿಯಂತೆ ಹೊಳೆದದ್ದನ್ನು ಆಡಬಲ್ಲವ, ತೀರ್ಪುಗಾರ, ಕಥೆಗಾರ, ಪಾಠ ಹೇಳುವವ, ಲೋಕ ಕಟ್ಟುವವ. ತೀರ್ಪು ಕೊಡುವುದು ಈ ಸಾಲಿನಲ್ಲಿ ಒಂದು ಕೆಲಸ ಮಾತ್ರ. ಅದರ ಬೆನ್ನಿಗೇ ಪರಸ್ಪರ ಗೌರವದ ಮಾತು ಬರುತ್ತದೆ. ಆಟ ಶುರುವಾಗುವ ಮುಂಚೆ ಎಲ್ಲರೂ ಕೂತು ಯಾವ ಬಗೆಯ ಕಥೆ ಬೇಕು, ಯಾವ ವಿಷಯ ಮೇಜಿನ ಮೇಲೆ ಬರಲೇಬಾರದು, ಯಾವುದು ಬಂದರೂ ವಿವರಕ್ಕೆ ಇಳಿಯಬಾರದು ಎಂದು ಮಾತಾಡಿಕೊಳ್ಳುವ ‘ಸೆಷನ್ ಝೀರೋ’ ಬರುತ್ತದೆ. ಅದನ್ನು ಬರೆದಿಡಲು ನಕಲು ಮಾಡಿಕೊಳ್ಳಬಹುದಾದ ಒಂದು ಹಾಳೆಯನ್ನೂ ಕೊಟ್ಟಿದ್ದಾರೆ. ಇದನ್ನು ನಾಜೂಕಿನವರ ಶಿಷ್ಟಾಚಾರ ಎಂದು ತಳ್ಳಿಹಾಕುವ ಹಳೆಯ ಆಟಗಾರರನ್ನು ಕಂಡಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಮಗುವಿನ ಸಾವನ್ನು ಕಥೆಯಲ್ಲಿ ತಂದ ಮೇಲೆ ಎದುರಿಗಿದ್ದವರೊಬ್ಬರು ಎದ್ದು ಬಾಲ್ಕನಿಗೆ ಹೋಗಿ ನಿಂತದ್ದನ್ನು ಒಮ್ಮೆ ನೋಡಿದವರಿಗೆ ಆ ಹಾಳೆಯ ಬೆಲೆ ತಿಳಿಯುತ್ತದೆ.

ಅಧಿಕಾರದ ವಿಷಯದಲ್ಲಿ ಈ ಪುಸ್ತಕ ನೀಡುವ ನಿಜವಾದ ಕೊಡುಗೆ ಇರುವುದು ನಿಯಮಗಳ ಸಂದು ಹುಡುಕುವ ಆಟಗಾರರ ಬಗ್ಗೆ ಬರೆದ ಒಂದು ಪುಟ್ಟ ಭಾಗದಲ್ಲಿ. ಅಲ್ಲಿ ನಾಲ್ಕು ಮಾತುಗಳಿವೆ. ನಿಯಮಗಳು ಭೌತಶಾಸ್ತ್ರವಲ್ಲ. ಆಟ ಒಂದು ಅರ್ಥವ್ಯವಸ್ಥೆಯಲ್ಲ. ಕಾಳಗದ ನಿಯಮಗಳು ಶತ್ರುಗಳಿಗಾಗಿ ಇರುವಂಥವು. ನಿಯಮಗಳನ್ನು ಒಳ್ಳೆಯ ಮನಸ್ಸಿನಿಂದ ಓದಿಕೊಳ್ಳಬೇಕು. ಇವುಗಳ ಹಿಂದೆ ವರ್ಷಾನುಗಟ್ಟಲೆಯ ಜಗಳಗಳಿವೆ. ಕಾಳಗದ ಒಂದು ಸುತ್ತು ಆಟದೊಳಗೆ ಆರು ಸೆಕೆಂಡು; ಆ ಸುತ್ತಿನಲ್ಲಿ ಪ್ರತಿಯೊಬ್ಬರೂ ‘ರೆಡಿ’ ಎಂಬ ಕ್ರಿಯೆಯಿಂದ ಮುಂದಿನವರಿಗೆ ಒಂದು ವಸ್ತು ದಾಟಿಸಬಹುದು ಎಂದಾದರೆ, ಸಾಲಾಗಿ ನಿಂತ ಸಾವಿರಾರು ರೈತರು ಒಂದು ಈಟಿಯನ್ನು ಕೈಯಿಂದ ಕೈಗೆ ದಾಟಿಸಿ ಆರೇ ಸೆಕೆಂಡಿನಲ್ಲಿ ಮೈಲಿಗಟ್ಟಲೆ ಕಳಿಸಬಹುದಲ್ಲ, ಕೊನೆಯವನ ಕೈಬಿಟ್ಟಾಗ ಅದು ಫಿರಂಗಿಯ ಗುಂಡಿಗಿಂತ ಜೋರಾಗಿ ಹೋಗಬೇಕಲ್ಲ ಎಂದು ಲೆಕ್ಕ ಹಾಕಿ ತೋರಿಸುವವರು ಈ ಆಟದ ಲೋಕದಲ್ಲಿ ಬಹಳ ಹಿಂದಿನಿಂದಲೂ ಇದ್ದಾರೆ. ಹಾಗೆಯೇ ಎರಡು ಮಂತ್ರಗಳನ್ನು ಜೋಡಿಸಿ ಮುಗಿಯದ ಸಂಪತ್ತು ಮಾಡುವವರು, ಕಾಳಗದಲ್ಲಿ ಮಾತ್ರ ಕೆಲಸ ಮಾಡುವ ಶಕ್ತಿಯೊಂದನ್ನು ಚಾಲೂ ಮಾಡಲು, ಶತ್ರುವೆಂದು ಹೊಡೆಯಲೆಂದೇ ಚೀಲದಲ್ಲಿ ಇಲಿ ಹೊತ್ತು ತಿರುಗುವವರು. ಇವರಿಗೆ ‘ಇಲ್ಲ’ ಎನ್ನುವ ಹಕ್ಕು ಡಿಎಂಗೆ ಮೊದಲೂ ಇತ್ತು. ಆದರೆ ಆ ‘ಇಲ್ಲ’ಕ್ಕೆ ‘ನಾನು ಹೇಳಿದೆನಲ್ಲ’ ಎಂಬುದರ ಹೊರತು ಬೇರೆ ಆಧಾರವಿರಲಿಲ್ಲ. ಈಗ ಕಾರಣವೊಂದು ಅಚ್ಚಾಗಿದೆ, ಡಿಎಂ ಮತ್ತು ಆಟಗಾರ ಇಬ್ಬರೂ ಅದರತ್ತ ಬೆರಳು ತೋರಿಸಬಹುದು. ಕಾರಣ ಹೇಳಬೇಕಾದ ಅಧಿಕಾರ ತಾನಾಗಿಯೇ ಒಂದು ಮಿತಿಯೊಳಗೆ ಬರುತ್ತದೆ. ಇಷ್ಟು ಮುಖ್ಯವಾದುದನ್ನು ಇಷ್ಟು ಚಿಕ್ಕದಾಗಿ ಮುಗಿಸಿದ್ದೇ ನನ್ನ ದೂರು.

ಹೆಚ್ಚಿನ ತಕರಾರು ಬೇರೆ ಕಡೆ ಇದೆ. ಡಿಎಂ ಅಧಿಕಾರ ಎಂದಾಗ ಎಲ್ಲರಿಗೂ ನೆನಪಾಗುವುದು ಕೊನೆಯ ತೀರ್ಪು, ವಾದ ನಿಲ್ಲಿಸುವ ಮಾತು. ಆದರೆ ಒಂದು ಸಂಜೆಯ ಆಟದಲ್ಲಿ ಅಂಥ ತೀರ್ಪು ಒಂದೋ ಎರಡೋ ಬಾರಿ ಬಂದೀತು. ಅಧಿಕಾರ ಸದಾ ಕೆಲಸ ಮಾಡುತ್ತಿರುವುದು ಇನ್ನೂ ಸದ್ದಿಲ್ಲದ ಮೂರು ಜಾಗಗಳಲ್ಲಿ: ಈಗ ದಾಳ ಹಾಕಬೇಕೋ ಬೇಡವೋ, ಗೆಲ್ಲಲು ಎಷ್ಟು ಬೀಳಬೇಕು, ಸೋತರೆ ಏನಾಗುತ್ತದೆ. ಇವುಗಳಲ್ಲಿ ಎರಡನೆಯದನ್ನು ನೋಡಿ. ಆಟಗಾರ 20 ಮುಖದ ದಾಳ ಉರುಳಿಸಿ, ತನ್ನ ಪಾತ್ರದ ಸಾಮರ್ಥ್ಯಕ್ಕೆ ತಕ್ಕ ಅಂಕ ಕೂಡಿಸಿ, ಡಿಎಂ ಗೊತ್ತುಮಾಡಿದ ಸಂಖ್ಯೆಯನ್ನು ಮುಟ್ಟಬೇಕು. ಸುಲಭದ ಕೆಲಸಕ್ಕೆ 10, ಸಾಧಾರಣಕ್ಕೆ 15, ಕಷ್ಟಕ್ಕೆ 20. ಕೂಡಿಸುವ ಅಂಕ 5 ಎಂದಿಟ್ಟುಕೊಂಡರೆ 15ನ್ನು ಮುಟ್ಟುವ ಸಂಭವ ನೂರಕ್ಕೆ 55, 20ನ್ನು ಮುಟ್ಟುವ ಸಂಭವ ನೂರಕ್ಕೆ 30. ಒಂದು ಕೆಲಸ ಸಾಧಾರಣವೋ ಕಷ್ಟವೋ ಎಂಬ ಒಂದು ವಿಶೇಷಣದಲ್ಲಿ ಆಟಗಾರನ ಅದೃಷ್ಟದ ಅರ್ಧದಷ್ಟು ಹೋಗಿಬಿಡುತ್ತದೆ, ಮತ್ತು ಆ ವಿಶೇಷಣವನ್ನು ಆಯ್ದುಕೊಳ್ಳುವುದು ಒಬ್ಬರ ತಲೆಯೊಳಗೆ, ಯಾರಿಗೂ ಕೇಳಿಸದಂತೆ.

ನನ್ನ ಮೇಜಿನಲ್ಲಿ ನಡೆದದ್ದನ್ನೇ ಹೇಳುತ್ತೇನೆ. ದರೋಡೆಕೋರರು ಊರಿನ ಧಾನ್ಯವನ್ನೆಲ್ಲ ದೋಚಿ ಒಂದು ಕಣಜದಲ್ಲಿಟ್ಟಿದ್ದರು. ಅವರ ನಾಯಕನನ್ನು ಹಿಡಿಯುವ ಕಥೆಯನ್ನು ಮೂರು ವಾರಕ್ಕಾಗುವಷ್ಟು ಬರೆದಿಟ್ಟಿದ್ದೆ. ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಮಾತಾಡುವ ಆಟಗಾರ್ತಿ, ಕಳ್ಳಿಯ ಪಾತ್ರದವಳು, ರಾತ್ರಿ ಹಿಂದಿನಿಂದ ನುಸುಳಿ ಧಾನ್ಯದ ಗಾಡಿಗಳನ್ನು ಹೊರಗೆ ಸಾಗಿಸಿ, ಖಾಲಿ ಕಣಜಕ್ಕೆ ಬೆಂಕಿ ಇಟ್ಟು ದರೋಡೆಕೋರರನ್ನು ದಿಕ್ಕುಗೆಡಿಸೋಣ ಎಂದಳು. ಒಳ್ಳೆಯ ಉಪಾಯ. ಕಾವಲಿನವರು ಕುಡಿದಿದ್ದಾರೆಂದು ನಾನೇ ಅರ್ಧ ಗಂಟೆ ಮುಂಚೆ ಹೇಳಿದ್ದೆ, ಹಾಗಾಗಿ 15 ಸಾಕಿತ್ತು. ಆದರೆ ಗೆದ್ದರೆ ಮೂರು ವಾರದ ಕಥೆ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆಂದು ಮನಸ್ಸಿನಲ್ಲಿ 20 ಇಟ್ಟುಕೊಂಡೆ. ದಾಳದಲ್ಲಿ 12 ಬಿತ್ತು, ಅವಳ 5 ಸೇರಿ 17. ‘ಆಗಲಿಲ್ಲ, ನಾಯಿ ಬೊಗಳಿತು’ ಎಂದೆ. ಆ ನಾಯಿ ಆ ಕ್ಷಣದವರೆಗೆ ಇರಲೇ ಇಲ್ಲ. ಯಾರೂ ತಕರಾರು ಮಾಡಲಿಲ್ಲ, ಮಾಡಲು ಅವರಿಗೆ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಅವಳು ಉಪಾಯ ಹೇಳುವುದು ಕಡಿಮೆಯಾಯಿತು ಎಂಬುದು ನನಗೆ ತಡವಾಗಿ ಗಮನಕ್ಕೆ ಬಂತು.

ಸೆಷನ್ ಝೀರೋದ ಯಾವ ಹಾಳೆಯೂ ಇದನ್ನು ತಡೆಯುತ್ತಿರಲಿಲ್ಲ. ಹೊಸ ಪುಸ್ತಕ ಡಿಎಂಗೆ ಒಳ್ಳೆಯವರಾಗಿರಿ ಎಂದು ಕಲಿಸುತ್ತದೆ, ಚೆನ್ನಾಗಿಯೇ ಕಲಿಸುತ್ತದೆ. ಒಳ್ಳೆಯತನ ಕೈಕೊಟ್ಟ ಗಳಿಗೆಯಲ್ಲಿ ಕೈ ಹಿಡಿಯುವ ನಿಯಮವನ್ನು ಮಾತ್ರ ಕೊಡುವುದಿಲ್ಲ. ಗೆಲ್ಲಲು ಬೇಕಾದ ಸಂಖ್ಯೆಯನ್ನು ದಾಳ ಬೀಳುವ ಮುಂಚೆಯೇ ಗಟ್ಟಿಯಾಗಿ ಹೇಳಬೇಕು ಎಂಬ ಒಂದು ಸಾಲು ಸಾಕಿತ್ತು. ಅದು ವಿವೇಚನೆಗೆ ಬಿಟ್ಟ ವಿಷಯವಾಗಿಯೇ ಉಳಿದಿದೆ. ಯಜಮಾನರು ಮೃದುವಾಗಿ ಮಾತಾಡತೊಡಗಿದ್ದಾರೆ, ಮನೆಯ ಬೀಗದ ಕೈ ಗೊಂಚಲು ಈಗಲೂ ಅವರ ಸೊಂಟದಲ್ಲೇ ಇದೆ.

ತಾಳಮದ್ದಳೆ ನೋಡಿ ಬೆಳೆದವರಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ಅರ್ಥಧಾರಿ ಎಷ್ಟೇ ವಾದ ಬೆಳೆಸಿದರೂ ಕೌರವ ಗೆಲ್ಲುವಂತಿಲ್ಲ. ಭಾಗವತರು ಮುಂದಿನ ಪದ ಎತ್ತಿದರೆಂದರೆ ಮಾತು ನಿಲ್ಲಬೇಕು. ಆದರೆ ಭಾಗವತರೂ ಪ್ರಸಂಗಕ್ಕೆ ಕಟ್ಟುಬಿದ್ದವರು, ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದು. ಡಿಎಂ ಮಾತ್ರ ಪ್ರಸಂಗಕರ್ತರೂ ತಾವೇ, ಭಾಗವತರೂ ತಾವೇ, ಎದುರು ವೇಷವೂ ತಾವೇ ಆಗಿರುತ್ತಾರೆ.

ಬೇರೆ ದಾರಿಯಿಲ್ಲವೆಂದಲ್ಲ. ವಿನ್ಸೆಂಟ್ ಬೇಕರ್ 2010ರಲ್ಲಿ ಪ್ರಕಟಿಸಿದ ‘ಅಪೊಕ್ಯಾಲಿಪ್ಸ್ ವರ್ಲ್ಡ್’ ಎಂಬ ಆಟದಲ್ಲಿ ಗೇಮ್ ಮಾಸ್ಟರ್ ದಾಳವನ್ನೇ ಮುಟ್ಟುವುದಿಲ್ಲ. ಆಟಗಾರರು ಆರು ಮುಖದ ಎರಡು ದಾಳ ಹಾಕಿ, ಪಾತ್ರದ ಸಾಮರ್ಥ್ಯಕ್ಕೆ ತಕ್ಕ ಅಂಕ ಕೂಡಿಸುತ್ತಾರೆ. 10 ಅಥವಾ ಹೆಚ್ಚು ಬಿದ್ದರೆ ಪೂರ್ತಿ ಗೆಲುವು, 7ರಿಂದ 9 ಬಿದ್ದರೆ ಏನನ್ನಾದರೂ ತೆತ್ತು ಪಡೆಯುವ ಗೆಲುವು, 6 ಅಥವಾ ಕಡಿಮೆ ಬಿದ್ದರೆ ಮಾಸ್ಟರ್‌ನ ಸರದಿ. ಈ ಗೆರೆಗಳು ಪುಸ್ತಕದಲ್ಲಿ ಅಚ್ಚಾದವು, ಕಣಜ ನನಗೆಷ್ಟೇ ಪ್ರಿಯವಾಗಿದ್ದರೂ ಅವು ಜರುಗುವುದಿಲ್ಲ. ಮಾಸ್ಟರ್ ಏನು ಹೇಳಬೇಕೆಂಬುದಕ್ಕೂ ಅಲ್ಲಿ ಕಟ್ಟಳೆಯಿದೆ: ನಿಯಮಗಳು, ತತ್ವಗಳು, ಮೊದಲೇ ಮಾಡಿಟ್ಟ ಸಿದ್ಧತೆ, ಪ್ರಾಮಾಣಿಕತೆ, ಈ ನಾಲ್ಕು ಏನನ್ನು ಬೇಡುತ್ತವೋ ಅದನ್ನೇ ಹೇಳಬೇಕು. ನನಗೆ ಬಹಳ ಹಿಡಿಸಿದ್ದು, ಕೆಲವೊಮ್ಮೆ ನಿರ್ಧಾರವನ್ನು ಕೈಬಿಡಿ ಎನ್ನುವ ತತ್ವ. ಒಂದು ಪಾತ್ರ ಬದುಕಬೇಕೋ ಸಾಯಬೇಕೋ ಎಂಬುದು ನಿಮಗೇ ತೀರ್ಮಾನಿಸಲು ಇಷ್ಟವಿಲ್ಲದಿದ್ದರೆ ಅದನ್ನು ಕಥೆಯ ಇನ್ನೊಂದು ಪಾತ್ರದ ಸ್ವಭಾವಕ್ಕೆ ಬಿಡಿ, ಆಟಗಾರರ ಕೈಗೆ ಕೊಡಿ, ಇಲ್ಲವೇ ಹಂತಹಂತವಾಗಿ ಮುಂದಕ್ಕೆ ಸಾಗುವ ಗಡಿಯಾರವೊಂದನ್ನು ಬರೆದಿಟ್ಟು ಅದಕ್ಕೆ ಬಿಡಿ ಎಂದು ಅದು ಹೇಳಿಕೊಡುತ್ತದೆ. ಹಾಗೆಂದು ಆ ಮಾಸ್ಟರ್ ದುರ್ಬಲನೇನಲ್ಲ. 6 ಬಿದ್ದಾಗ ಅವನು ಕೊಡುವ ಪೆಟ್ಟು ಡಿಎಂ ಕೊಡುವ ಪೆಟ್ಟಿಗಿಂತ ಎಷ್ಟೋ ಸಲ ಜೋರಾಗಿರುತ್ತದೆ. ವ್ಯತ್ಯಾಸವಿರುವುದು ಅಧಿಕಾರದ ಪ್ರಮಾಣದಲ್ಲಲ್ಲ, ಅದು ಯಾವಾಗ ಎಚ್ಚರಗೊಳ್ಳಬೇಕು ಎಂಬುದು ಎಲ್ಲರಿಗೂ ತಿಳಿದಿರುವುದರಲ್ಲಿ.

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ಗೆ ಈ ಯೋಚನೆ ಹೊಳೆದೇ ಇಲ್ಲವೆನ್ನುವಂತಿಲ್ಲ. 2014ರ ಪುಸ್ತಕದ ಕೊನೆಯ ಅಧ್ಯಾಯದಲ್ಲಿ, ಬೇಕಿದ್ದವರು ಬಳಸಲೆಂದು ಕೊಟ್ಟ ನಿಯಮಗಳ ನಡುವೆ ‘ಪ್ಲಾಟ್ ಪಾಯಿಂಟ್’ ಎಂಬುದಿತ್ತು. ಅದನ್ನು ಖರ್ಚು ಮಾಡಿದ ಆಟಗಾರ ಕಥೆಗೆ ತಾನೇ ಒಂದು ತಿರುವು ಸೇರಿಸಬಹುದಿತ್ತು, ಅದರ ಒಂದು ಬಗೆಯಲ್ಲಂತೂ ಡಿಎಂ ಕುರ್ಚಿಯೇ ಕೈಬದಲಾಗುತ್ತಿತ್ತು. ಆ ಅಧ್ಯಾಯವನ್ನೇ ಹೊಸ ಪುಸ್ತಕದಲ್ಲಿ ಉಳಿಸಿಕೊಂಡಿಲ್ಲ. ಹೊಸಬರಿಗೆ ಗೊಂದಲವಾಗದಿರಲೆಂದು ಕಡಿದಿರಬಹುದು. ಆದರೂ ಅದರೊಂದಿಗೆ ಹೊಸ ರಾಕ್ಷಸರನ್ನು ಕಟ್ಟುವ ಕೋಷ್ಟಕವೂ ಹೋದದ್ದನ್ನು ಹಳಬರು ಸುಲಭವಾಗಿ ಕ್ಷಮಿಸಲಾರರು.

ಅದಕ್ಕೆ ಬದಲಾಗಿ ಬಂದಿರುವುದು ಕೊನೆಯ ಅಧ್ಯಾಯದ ‘ಬ್ಯಾಸ್ಟಿಯನ್’. ಐದನೆಯ ಮಟ್ಟ ಮುಟ್ಟಿದ ಪಾತ್ರಕ್ಕೆ ತನ್ನದೇ ಒಂದು ನೆಲೆ ಸಿಗುತ್ತದೆ: ಕೋಟೆ, ಮಠ, ಗರಡಿಮನೆ, ಏನಾದರೂ ಸರಿ. ಅದರಲ್ಲಿ ಗ್ರಂಥಾಲಯವಿರಬೇಕೋ, ಕಮ್ಮಾರಸಾಲೆಯೋ, ತೋಟವೋ ಎಂಬುದನ್ನು ಆಟಗಾರರೇ ಆರಿಸಿಕೊಳ್ಳುತ್ತಾರೆ. ಆಟದೊಳಗಿನ ಪ್ರತಿ 7 ದಿನಕ್ಕೊಮ್ಮೆ ಅಲ್ಲಿನ ಆಳುಗಳಿಗೆ ಏನು ಮಾಡಬೇಕೆಂದು ಆದೇಶ ಕೊಡುತ್ತಾರೆ. ಮೇಲ್ನೋಟಕ್ಕೆ ಇದು ಹಿತ್ತಲಿನ ಜಮಾಖರ್ಚಿನಂತೆ ಕಾಣುತ್ತದೆ, ಹಲವರು ಹಾಗೆಂದೇ ಪುಟ ತಿರುವಿದ್ದಾರೆ. ನನಗೆ ಕಂಡದ್ದು ಬೇರೆ. ಇಡೀ ಪುಸ್ತಕದಲ್ಲಿ ಡಿಎಂದಲ್ಲದ ನೆಲವೆಂದು ನಿಯಮವೇ ಗಡಿಕಲ್ಲು ಹಾಕಿಕೊಟ್ಟಿರುವ ಜಾಗ ಇದೊಂದೇ. ಅಲ್ಲಿನ ಅಡುಗೆಯವಳ ಹೆಸರೇನು, ತೋಟದಲ್ಲಿ ಯಾವ ಮರವಿದೆ ಎಂದು ಆಟಗಾರರು ಹೇಳಿದರೆ ಲೋಕದಲ್ಲಿ ಅದು ನಿಜವಾಗುತ್ತದೆ. ನಮ್ಮ ಕಳ್ಳಿ ಕಟ್ಟಿಸಿಕೊಂಡದ್ದು ಒಂದು ಕಣಜ. ಅದರ ಬಾಗಿಲಲ್ಲಿ ಒಂದು ನಾಯಿ ಕಟ್ಟಿದ್ದೇನೆ ಎಂದು ನನ್ನ ಮುಖ ನೋಡುತ್ತ ಹೇಳಿದಳು. ಅಂದರೆ ಆ ರಾತ್ರಿಯ ನಾಯಿ ಎಲ್ಲಿಂದ ಬಂತೆಂಬುದು ಅವಳಿಗೆ ಅಂದೇ ತಿಳಿದಿತ್ತು. ಆದರೆ ಇಲ್ಲಿಯೂ ಒಂದು ತೊಡಕು ಇದೆ: ಬ್ಯಾಸ್ಟಿಯನ್ ನಿಯಮಗಳನ್ನು ಆಟದಲ್ಲಿ ಬಳಸಬೇಕೋ ಬೇಡವೋ ಎಂಬ ತೀರ್ಮಾನ ಪುನಃ ಡಿಎಂಗೇ ಸೇರಿದ್ದು.

ಉಳಿದ ಅಧ್ಯಾಯಗಳನ್ನು ಬೇಗ ಹೇಳಿ ಮುಗಿಸಬಹುದು. ಒಂದೆರಡು ಸಂಜೆಗೆ ಆಡಬಹುದಾದ ಐದು ಚಿಕ್ಕ ಸಾಹಸಗಳು ಅಡಕವಾಗಿವೆ, ಚುಟುಕಾದರೂ ಪಾಠಕ್ಕೆ ಒದಗುತ್ತವೆ. ಗೈಗ್ಯಾಕ್ಸ್ ಕಟ್ಟಿದ ಗ್ರೇಹಾಕ್ ಲೋಕವನ್ನು ಮಾದರಿಯಾಗಿ ಕೊಟ್ಟು, ಅದರ ದೊಡ್ಡ ನಕಾಶೆಯನ್ನು ಮಡಿಚಿ ಇಟ್ಟಿದ್ದಾರೆ. ನಕಾಶೆಯಲ್ಲಿ ಬೇಕೆಂದೇ ಖಾಲಿ ಬಿಟ್ಟಂತಿರುವ ಜಾಗಗಳು ಹೊಸ ಡಿಎಂಗೆ ಧೈರ್ಯ ಕೊಡುತ್ತವೆ. ಮಾಯಾವಸ್ತುಗಳ ಅಧ್ಯಾಯ ಬೇಕಾದಾಗ ತೆರೆದು ನೋಡುವಂಥದು, ಓದುವಂಥದಲ್ಲ.

ಕೊಳ್ಳಬೇಕೇ ಎಂದರೆ, ಡಿಎಂ ಕುರ್ಚಿಯಲ್ಲಿ ಎಂದೂ ಕೂರದವರು, ಕೂರಲು ಹೆದರುತ್ತಿರುವವರು ಖಂಡಿತ ಕೊಳ್ಳಿ. 2014ರ ಪುಸ್ತಕ ಲೋಕ ಕಟ್ಟುವ ಮಾತಿನಿಂದ, ದೇವಲೋಕಗಳ ವರ್ಣನೆಯಿಂದ ಶುರುವಾಗಿ ಆಟ ನಡೆಸುವುದು ಹೇಗೆಂಬುದಕ್ಕೆ ಬರುವಷ್ಟರಲ್ಲಿ ಓದುಗರು ದಣಿದಿರುತ್ತಿದ್ದರು, ಇದು ಮೊದಲ ಪುಟದಿಂದಲೇ ಕೆಲಸ ಕಲಿಸುತ್ತದೆ. ಹಳೆಯದನ್ನು ಇಟ್ಟುಕೊಂಡು ಪಳಗಿದವರು ಬ್ಯಾಸ್ಟಿಯನ್‌ಗಾಗಿ ಬಿಟ್ಟರೆ ಮತ್ತೆ ಹಣ ಹಾಕುವ ಅಗತ್ಯ ಕಾಣುವುದಿಲ್ಲ. ಬರೀ ನಿಯಮಗಳು ಸಾಕೆನ್ನುವವರಿಗೆ ಸಂಸ್ಥೆ 2025ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿದ ಮೂಲ ನಿಯಮಗಳ ಕಡತ ಉಚಿತವಾಗಿ ಸಿಗುತ್ತದೆ. ಆದರೆ ಡಿಎಂಗೆ ಪಾಠ ಹೇಳುವ ಅಧ್ಯಾಯಗಳು ಅದರಲ್ಲಿಲ್ಲ.

ನನ್ನ ಪ್ರತಿ ಈಗ ಮನೆಯಲ್ಲಿಲ್ಲ. ಮುಂದಿನ ತಿಂಗಳಿನಿಂದ ಆಟ ನಡೆಸುವುದಾಗಿ ನಮ್ಮ ಕಳ್ಳಿಯೇ ಮುಂದೆ ಬಂದು, ಪುಸ್ತಕವನ್ನು ಕೇಳಿ ಒಯ್ದಿದ್ದಾಳೆ. ಮೊದಲ ಎರಡು ಅಧ್ಯಾಯ ಓದಿ, ಉಳಿದದ್ದನ್ನು ಬೇಕಾದಾಗ ನೋಡಿಕೊಂಡರಾಯಿತು ಎಂದು ಹೇಳಿ ಕಳಿಸಿದೆ. ಪರದೆಯನ್ನೂ ಕೊಡಲೇ ಎಂದು ಕೇಳಿದ್ದಕ್ಕೆ, ಟಿಪ್ಪಣಿ ಮರೆಮಾಡಲು ಒಂದು ಕ್ಯಾಲೆಂಡರ್ ರಟ್ಟು ಸಾಕು, ದಾಳವನ್ನು ಎಲ್ಲರೆದುರೇ ಹಾಕುತ್ತೇನೆ ಎಂದಳು.